ಅಳಿವೆಯ ದಡದ ಊರುಗಳು: ಮಂಜೇಶ್ವರದಿಂದ ಹೊಸದುರ್ಗದವರೆಗೆ ನಮ್ಮ ಕರಾವಳಿಯ ಚರಿತ್ರೆ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗೆ ಹಂಪಿ, ಬಾದಾಮಿ, ಹಳೇಬೀಡುಗಳ ಹೆಸರು ಗೊತ್ತು. ತಿರುವನಂತಪುರ, ಕೊಚ್ಚಿಗಳ ಚರಿತ್ರೆಯೂ ಅಷ್ಟಿಷ್ಟು ಗೊತ್ತು. ಆದರೆ ದಿನವೂ ಬಸ್ಸಿನ ಕಿಟಕಿಯಿಂದ ಕಾಣುವ ಆರಿಕ್ಕಾಡಿಯ ಕೋಟೆಯನ್ನು ಕಟ್ಟಬೇಕಾಗಿ ಬಂದುದೇಕೆ, ಕುಂಬಳೆಯಲ್ಲಿ ಅರಸರು ನೆಲೆಸಿದುದೇಕೆ ಎಂದು ಕೇಳಿದರೆ ಮಕ್ಕಳೂ ಹೆತ್ತವರೂ ಒಂದು ಕ್ಷಣ ಸುಮ್ಮನಾಗುವರು. ಇದು ಅವರ ತಪ್ಪಲ್ಲ. ಯಾವ ರಾಜ್ಯದ ಪಠ್ಯಪುಸ್ತಕವೂ ತನ್ನ ಅಂಚಿನ ಜಿಲ್ಲೆಯೊಂದಕ್ಕೆ ಹೆಚ್ಚು ಪುಟಗಳನ್ನು ಮೀಸಲಿಡಲಾರದು. ಕಾಸರಗೋಡು ಕೇರಳಕ್ಕೆ ಉತ್ತರದ ಅಂಚು, ಕರ್ನಾಟಕಕ್ಕೆ ಗಡಿಯಾಚೆಯ ನೆಲ. ಎರಡು ಮನೆಗಳ ನಡುವಣ ಓಣಿಯನ್ನು ಗುಡಿಸುವ ಕೆಲಸ ಯಾರದೂ ಅಲ್ಲವೆಂಬಂತಾಗಿದೆ. ಆ ಕೆಲಸವನ್ನು ಶಾಲೆ ಮತ್ತು ಮನೆಗಳು ಕೂಡಿಯೇ ಮಾಡಬೇಕಾಗಿದೆ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕಡಲ ತೀರದ ಚಾರಿತ್ರಿಕ ಊರುಗಳನ್ನು ಮಕ್ಕಳಿಗೆ ಪರಿಚಯಿಸಲು ನೆರವಾಗಲೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ನೆಲ ಮೊದಲು, ಚರಿತ್ರೆ ಅನಂತರ

ಚರಿತ್ರೆಯ ಪಾಠವನ್ನು ಅರಸರ ಹೆಸರಿನಿಂದ ತೊಡಗುವುದು ರೂಢಿ. ನಮ್ಮ ಕರಾವಳಿಯ ಮಟ್ಟಿಗೆ ಅದನ್ನು ಹೊಳೆಗಳಿಂದ ತೊಡಗುವುದು ಲೇಸು. ಕೇರಳದ 44 ನದಿಗಳಲ್ಲಿ 12 ನದಿಗಳು ಈ ಒಂದು ಜಿಲ್ಲೆಯಲ್ಲಿವೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಮೊದಲಾದವು ಮಲೆನಾಡಿನಿಂದಲೋ ಸಮೀಪದ ಗುಡ್ಡಗಳಿಂದಲೋ ಇಳಿದು, ಸ್ವಲ್ಪವೇ ದೂರ ಹರಿದು, ಕಡಲನ್ನು ಸೇರುತ್ತವೆ. ಮಳೆಗಾಲದಲ್ಲಿ ಹೊಳೆ ತರುವ ಮಣ್ಣನ್ನೂ ಕಡಲು ತಂದೊಡ್ಡುವ ಮರಳನ್ನೂ ಅಲೆಗಳು ತೀರಕ್ಕೆ ಸಮಾನಾಂತರವಾಗಿ ಹರಡುತ್ತವೆ. ಹೀಗೆ ನೀಳವಾದ ಮರಳದಿಣ್ಣೆಯೊಂದು ಅಡ್ಡವಾಗಿ ಬೆಳೆದಾಗ, ಅದರ ಹಿಂದೆ ಹೊಳೆಯ ನೀರು ಅಗಲವಾಗಿ ನಿಂತು, ಕಿರಿದಾದ ಅಳಿವೆಬಾಗಿಲಿನಿಂದ ಮಾತ್ರ ಕಡಲಿಗೆ ಹೋಗುತ್ತದೆ. ಹಿಂದೆ ನಿಂತ ಆ ಹಿನ್ನೀರು ಪುಟ್ಟ ಕೊಲ್ಲಿಯಂತೆ ಶಾಂತವಾಗಿರುತ್ತದೆ.

ಹಾಯಿಹಡಗುಗಳ ಕಾಲದಲ್ಲಿ ಈ ಶಾಂತ ನೀರಿಗೆ ಬಹಳ ಬೆಲೆಯಿತ್ತು. ದೊಡ್ಡ ಹಡಗು ಹೊರಗಡಲಲ್ಲಿ ಲಂಗರು ಹಾಕಿ ನಿಂತರೆ, ಸಣ್ಣ ದೋಣಿಗಳು ಒಳನಾಡಿನ ಅಕ್ಕಿಯನ್ನೂ ಕರಿಮೆಣಸನ್ನೂ ಹೊಳೆಯಲ್ಲಿ ತಂದು ಅದಕ್ಕೆ ತುಂಬುತ್ತಿದ್ದವು. ಆದುದರಿಂದ ಪ್ರತಿಯೊಂದು ಅಳಿವೆಯ ಬಳಿಯೂ ಒಂದು ಪೇಟೆ ಹುಟ್ಟಿತು. ಪೇಟೆಯಿದ್ದಲ್ಲಿ ಸುಂಕ, ಸುಂಕವಿದ್ದಲ್ಲಿ ಅದನ್ನು ಕಾಯುವ ಕೋಟೆ. ಈ ಮೂರು ಕೊಂಡಿಗಳ ಸರಪಳಿಯನ್ನು ಮಕ್ಕಳು ಹಿಡಿದುಕೊಂಡರೆ ನಮ್ಮ ಕರಾವಳಿಯ ಅರ್ಧ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು ಕಲ್ಲಿನದು. ಇಲ್ಲಿನ ಕೋಟೆ, ದೇವಸ್ಥಾನ, ಮಸೀದಿ, ಮನೆ, ಬಾವಿಕಟ್ಟೆಗಳೆಲ್ಲ ಹೆಚ್ಚಾಗಿ ಮುರಕಲ್ಲಿನಿಂದ ಆದವು. ನೆಲದಿಂದ ಕಡಿದು ತೆಗೆಯುವಾಗ ಮೆದುವಾಗಿರುವ ಈ ಕಲ್ಲು, ಗಾಳಿ ಬಿಸಿಲಿಗೆ ಒಡ್ಡಿಕೊಂಡ ಬಳಿಕ ಗಟ್ಟಿಯಾಗುತ್ತದೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅವನ ಪ್ರವಾಸಗ್ರಂಥ ಅಚ್ಚಾದ ಮೇಲೆ ಜಗತ್ತಿನ ಭೂವಿಜ್ಞಾನಿಗಳೆಲ್ಲ ಆ ಹೆಸರನ್ನೇ ಬಳಸತೊಡಗಿದರು. ನಮ್ಮ ಹಿತ್ತಿಲ ಗೋಡೆಯ ಕಲ್ಲು ವಿಜ್ಞಾನದ ಪುಸ್ತಕವನ್ನು ಸೇರಿದ ಕಥೆಯಿದು. ಸಮಾಜವಿಜ್ಞಾನದ ತರಗತಿಯಲ್ಲಿಯೂ ಭೂಗೋಳದ ತರಗತಿಯಲ್ಲಿಯೂ ಇದನ್ನು ಹೇಳಬಹುದು.

ಕುಂಬಳೆ: ಹಿನ್ನೀರಿನ ನಡುವಣ ಅರಸು ಪಟ್ಟಣ

ಕುಂಬಳೆಯ ಭೂಪಟವನ್ನು ಮಕ್ಕಳ ಮುಂದೆ ಹರಡಿರಿ. ಹಿನ್ನೀರಿನೊಳಗೆ ಚಾಚಿಕೊಂಡ ಎತ್ತರದ ನೆಲ, ಮುಂದೆ ಮರಳದಿಣ್ಣೆ, ಅದರಾಚೆ ಕಡಲು. ದಿಣ್ಣೆಯ ನಡುವೆ ಕಿರಿದಾದ ಅಳಿವೆ. ಅರಸನೊಬ್ಬನು ರಾಜಧಾನಿಗೆ ಇದಕ್ಕಿಂತ ತಕ್ಕ ಜಾಗವನ್ನು ಹುಡುಕಲಾರನು. ಹಡಗು ಹತ್ತಿರ ಬರಬಹುದು, ಶತ್ರು ಸುಲಭವಾಗಿ ಬರಲಾರನು. ಕುಂಬಳೆ ಸೀಮೆಯ ಅರಸರು ಇಲ್ಲಿಂದಲೇ ಆಳಿದರು. 16ನೆಯ ಶತಮಾನದ ಆದಿಯಲ್ಲಿ ಈ ತೀರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸನು, ಇಲ್ಲಿಂದ ಅಗ್ಗದ ಕಪ್ಪು ಅಕ್ಕಿ ಮಾಲ್ದೀವ್ಸ್ ದ್ವೀಪಗಳಿಗೆ ಹೋಗುತ್ತಿತ್ತೆಂದೂ ಅದಕ್ಕೆ ಪ್ರತಿಯಾಗಿ ತೆಂಗಿನ ನಾರು ಬರುತ್ತಿತ್ತೆಂದೂ ಬರೆದಿರುವನು. ಐದು ಶತಮಾನಗಳ ಹಿಂದೆಯೇ ನಮ್ಮ ಗದ್ದೆಯ ಅಕ್ಕಿ ಕಡಲು ದಾಟುತ್ತಿತ್ತು.

ಕುಂಬಳೆ ಸೀಮೆಗೆ ನಾಲ್ಕು ಪ್ರಧಾನ ದೇವಾಲಯಗಳೆಂದು ಹಿರಿಯರು ಎಣಿಸುವರು: ಅಡೂರಿನ ಮಹಾಲಿಂಗೇಶ್ವರ, ಮಧೂರಿನ ಮದನಂತೇಶ್ವರ, ಮುಜುಂಗಾವಿನ ಪಾರ್ಥಸಾರಥಿ, ಕುಂಬಳೆ ಕಣಿಪುರದ ಗೋಪಾಲಕೃಷ್ಣ. ಮಧುವಾಹಿನಿಯ ದಡದಲ್ಲಿರುವ ಮಧೂರು ದೇವಾಲಯ ಕಾಸರಗೋಡಿನಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿದೆ. ಅದರ ಗರ್ಭಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿರುವುದನ್ನು ಮಕ್ಕಳಿಗೆ ತೋರಿಸಬೇಕು. ವಾಸ್ತುಶಾಸ್ತ್ರವು ಅದನ್ನು ಗಜಪೃಷ್ಠ ಎನ್ನುತ್ತದೆ. ಅಂತಸ್ತು ಅಂತಸ್ತಾಗಿ ಇಳಿಯುವ ಮಾಡು ಜಡಿಮಳೆಯನ್ನು ಗೋಡೆಗೆ ತಾಗದಂತೆ ದೂರಕ್ಕೆ ಚೆಲ್ಲುತ್ತದೆ. ಇದು ಅಲಂಕಾರ ಮಾತ್ರವಲ್ಲ, ನಮ್ಮ ಮಳೆಗೆ ನಮ್ಮ ಹಿರಿಯ ಬಡಗಿಗಳು ಕೊಟ್ಟ ಉತ್ತರ.

ಕುಂಬಳೆಯ ಸಮೀಪದ ಅನಂತಪುರದಲ್ಲಿ ಸರೋವರದ ನಡುವೆ ದೇವಾಲಯವಿದೆ. ತಿರುವನಂತಪುರದ ಅನಂತಪದ್ಮನಾಭನಿಗೆ ಇದು ಮೂಲಸ್ಥಾನವೆಂಬುದು ಭಕ್ತರ ನಂಬಿಕೆ. ಮಕ್ಕಳಿಗೆ ಮಾತ್ರ ಅಲ್ಲಿ ಬಹುಕಾಲ ಬದುಕಿದ್ದ ‘ಬಬಿಯಾ’ ಎಂಬ ಮೊಸಳೆಯೇ ಹೆಚ್ಚು ಪರಿಚಿತ. 2022ರ ಅಕ್ಟೋಬರದಲ್ಲಿ ಅದು ಸತ್ತಾಗ ಜಾತಿಮತಗಳ ಭೇದವಿಲ್ಲದೆ ಊರು ನೆರೆದಿತ್ತು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು.

ಕುಂಬಳೆಯ ಅತಿ ದೊಡ್ಡ ಸೊತ್ತು ಕಲ್ಲಿನದಲ್ಲ, ಮಾತಿನದು. ಯಕ್ಷಗಾನದ ತೆಂಕುತಿಟ್ಟಿಗೆ ಗಟ್ಟಿಯಾದ ತಳಹದಿ ಹಾಕಿದ ಕವಿ ಪಾರ್ತಿಸುಬ್ಬನು ಈ ಊರಿನವನು. ರಾಮಾಯಣದ ಕಥೆಗಳನ್ನು ಅವನು ಪ್ರಸಂಗಗಳಾಗಿ ಬರೆದನು. ತನ್ನ ಕೃತಿಗಳಲ್ಲಿ ಕಣ್ವಪುರದ ಕೃಷ್ಣನನ್ನು ನೆನೆದನು. ಆ ಕಣ್ವಪುರವೇ ಕಣಿಪುರ. ಅವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ದೀರ್ಘ ಚರ್ಚೆ ನಡೆದಿದೆ. ಚರ್ಚೆ ಏನೇ ಇರಲಿ, ಕರಾವಳಿಯ ರಾತ್ರಿಗಳಲ್ಲಿ ಚೆಂಡೆ ಮದ್ದಳೆಗಳ ಸದ್ದು ಕೇಳುವಲ್ಲೆಲ್ಲ ಕುಂಬಳೆಯ ಕನ್ನಡ ಇದೆ.

ಚಂದ್ರಗಿರಿ: ಹೊಳೆಯೇ ಗಡಿಯಾಗಿದ್ದ ಕಾಲ

ಕಾಸರಗೋಡು ಪೇಟೆಯ ದಕ್ಷಿಣಕ್ಕೆ ಚಂದ್ರಗಿರಿ ಹೊಳೆ ಕಡಲನ್ನು ಸೇರುತ್ತದೆ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಕಡೆಯಿಂದ ಬರುವ ಪಯಸ್ವಿನಿಯೇ ಇದರ ಮುಖ್ಯ ಧಾರೆ. ಈ ಹೊಳೆಯನ್ನು ತುಳುನಾಡಿಗೂ ಮಲೆಯಾಳಕ್ಕೂ ನಡುವಣ ಎಲ್ಲೆಯೆಂದು ಪೂರ್ವಿಕರು ಬಗೆದಿದ್ದರು. ಮಲೆಯಾಳದ ನಾಯರ್ ಸ್ತ್ರೀಯರು ಈ ಹೊಳೆಯನ್ನು ದಾಟಿ ಉತ್ತರಕ್ಕೆ ಬರಬಾರದೆಂಬ ಕಟ್ಟಳೆ ಒಂದು ಕಾಲದಲ್ಲಿ ಇತ್ತೆಂದು ಬ್ರಿಟಿಷ್ ಕಾಲದ ದಾಖಲೆಗಳು ಹೇಳುತ್ತವೆ. ಇಂದು ಸೇತುವೆಯ ಮೇಲೆ ಒಂದೆರಡು ನಿಮಿಷದಲ್ಲಿ ದಾಟುವ ನೀರು ಅಂದು ಎರಡು ಲೋಕಗಳ ನಡುವಣ ಗೆರೆಯಾಗಿತ್ತು.

ಹೊಳೆಯ ದಕ್ಷಿಣ ದಡದ ಗುಡ್ಡದ ಮೇಲಿರುವುದು ಚಂದ್ರಗಿರಿ ಕೋಟೆ. ವಿಸ್ತಾರದಲ್ಲಿ ಇದು ಸುಮಾರು ಏಳು ಎಕರೆ ಮಾತ್ರ. ಆದರೆ ಇದರ ಗೋಡೆಯ ಮೇಲೆ ನಿಂತರೆ ಹೊಳೆ, ಅಳಿವೆ, ಕಡಲು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಒಳಬರುವ ದೋಣಿಯೊಂದೂ ಕಾವಲುಗಾರನ ಕಣ್ಣು ತಪ್ಪಿಸಿ ಹೋಗಲಾರದು. ಈ ಕೋಟೆ ಇಲ್ಲಿ ಏಕಿದೆ ಎಂಬ ಪ್ರಶ್ನೆಗೆ ಉತ್ತರವನ್ನು ನಾವು ಹೇಳಬೇಕಿಲ್ಲ. ಮಗುವನ್ನು ಅಲ್ಲಿ ನಿಲ್ಲಿಸಿದರೆ ಸಾಕು.

ಉತ್ತರದ ದಡದ ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿ ಇದೆ. ಅರಬರ ನಾಡಿನಿಂದ ಬಂದ ಮಾಲಿಕ್ ಇಬ್ನ್ ದೀನಾರ್ ಮತ್ತು ಸಂಗಡಿಗರು ಪಶ್ಚಿಮ ಕರಾವಳಿಯಲ್ಲಿ ಕಟ್ಟಿದ ಆದ್ಯ ಮಸೀದಿಗಳಲ್ಲಿ ಇದೂ ಒಂದೆಂಬುದು ಪರಂಪರೆ. ಕರಾವಳಿಗೆ ಇಸ್ಲಾಂ ಬಂದುದು ಮುಖ್ಯವಾಗಿ ಹಾಯಿಹಡಗಿನಲ್ಲಿ, ವ್ಯಾಪಾರದ ಜೊತೆಗೆ ಎಂಬುದನ್ನು ಈ ಊರು ನೆನಪಿಸುತ್ತದೆ. ತಳಂಗರೆಯ ಟೊಪ್ಪಿಯೂ ಕಾಸರಗೋಡು ಸೀರೆಯೂ ಈ ಪೇಟೆಯ ಕೈಕಸಬಿಗೆ ಹೆಸರು ತಂದವು. ಕಾಸರಗೋಡು ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ.

ಬೇಕಲ ಮತ್ತು ಹೊಸದುರ್ಗ: ಕೆಳದಿಯ ಕೋಟೆಗಳು

1565ರ ಬಳಿಕ ವಿಜಯನಗರದ ಬಲ ಕುಗ್ಗಿದಾಗ ಅದರ ಅಧೀನದಲ್ಲಿದ್ದ ಕೆಳದಿಯ ನಾಯಕರು ಸ್ವತಂತ್ರರಾಗಿ ಬೆಳೆದರು. ಮಲೆನಾಡಿನ ಕರಿಮೆಣಸೂ ಕರಾವಳಿಯ ಅಕ್ಕಿಯೂ ಅವರ ಬೊಕ್ಕಸದ ಆಧಾರ. ಆ ಸರಕು ಹೊರಡುವ ಬಂದರುಗಳನ್ನು ಕೈಯಲ್ಲಿ ಇಟ್ಟುಕೊಳ್ಳುವುದು ಅವರಿಗೆ ಅನಿವಾರ್ಯವಾಗಿತ್ತು. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಕರಾವಳಿಯುದ್ದಕ್ಕೂ ಕೋಟೆಗಳ ಸಾಲನ್ನು ಬಲಪಡಿಸಿದನು. ಬೇಕಲ ಕೋಟೆಯನ್ನು ಅವನೇ 1650ರ ಸುಮಾರಿಗೆ ಕಟ್ಟಿಸಿದನೆಂದು ಹೇಳುವರು.

ಬೇಕಲದಲ್ಲಿ ಮುರಕಲ್ಲಿನ ದಿಬ್ಬವೊಂದು ಕಡಲಿಗೆ ಮೂಗಿನಂತೆ ಚಾಚಿದೆ. ಅದರ ಎರಡೂ ಬದಿಗೆ ತೀರವು ಅರ್ಧಚಂದ್ರಾಕಾರವಾಗಿ ಬಾಗಿದೆ. ಆ ಮೂಗಿನ ಮೇಲೆ ಸುಮಾರು 40 ಎಕರೆ ಜಾಗವನ್ನು ಸುತ್ತುವರಿದ ಕೋಟೆ, ಕೇರಳದಲ್ಲಿಯೇ ದೊಡ್ಡದು. ನಡುವೆ ಎತ್ತರದ ವೀಕ್ಷಣಾ ಬುರುಜು, ಮೆಟ್ಟಿಲುಗಳಿರುವ ನೀರಿನ ಕೊಳ, ಮದ್ದಿನ ಮನೆ, ಬಾಗಿಲ ಬಳಿ ಆಂಜನೇಯನ ಗುಡಿ, ಹೊರಗೆ ಹಳೆಯ ಮಸೀದಿ. ಗೋಡೆಯಲ್ಲಿರುವ ಕಿಂಡಿಗಳನ್ನು ಮಕ್ಕಳು ಒಂದೊಂದಾಗಿ ಇಣುಕಿ ನೋಡಲಿ. ಮೇಲಿನವು ದೂರದ ಶತ್ರುವಿಗೆ, ಅದರ ಕೆಳಗಿನವು ಹತ್ತಿರ ಬಂದವನಿಗೆ, ಎಲ್ಲಕ್ಕೂ ಕೆಳಗಿನವು ಗೋಡೆಯ ಬುಡಕ್ಕೆ ತಲುಪಿದವನಿಗೆ ಗುರಿಯಿಡುವಂತೆ ಓರೆಯಾಗಿವೆ. ಗಣಿತದ ಕೋನಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

1763ರಲ್ಲಿ ಹೈದರಾಲಿಯು ಕೆಳದಿ ರಾಜ್ಯವನ್ನು ಗೆದ್ದಾಗ ಈ ಕೋಟೆಗಳು ಮೈಸೂರಿನ ವಶವಾದವು. ಟಿಪ್ಪುವಿನ ಕಾಲದಲ್ಲಿ ಬೇಕಲ ಮುಖ್ಯ ಸೇನಾಠಾಣ್ಯವಾಗಿತ್ತು. 1799ರಲ್ಲಿ ಅವನ ಮರಣಾನಂತರ ಇಂಗ್ಲಿಷರ ಕೈಸೇರಿತು. ಅವರು ಮೊದಲು ಬೇಕಲವನ್ನೇ ತಾಲೂಕು ಕೇಂದ್ರವಾಗಿಸಿದ್ದರು. ಮುಂದೆ ಕಾಸರಗೋಡು ತಾಲೂಕು ರೂಪುಗೊಂಡಾಗ ಬೇಕಲದ ಪ್ರಾಮುಖ್ಯ ಕುಗ್ಗಿತು. ಈಗ ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1995ರ ‘ಬಾಂಬೆ’ ಚಲನಚಿತ್ರದ ಹಾಡಿನಿಂದಾಗಿ ದೇಶಕ್ಕೆಲ್ಲ ಇದರ ಚೆಲುವು ಗೊತ್ತಾಯಿತು, ಕಟ್ಟಿದವರ ಹೆಸರು ಮಾತ್ರ ಅಷ್ಟು ಗೊತ್ತಾಗಲಿಲ್ಲ.

ಇನ್ನೂ ದಕ್ಷಿಣಕ್ಕೆ, ಕಾಞಂಗಾಡಿನಲ್ಲಿ, ಹೊಸದುರ್ಗ ಇದೆ. 1730ರ ದಶಕದಲ್ಲಿ ಕೆಳದಿಯ ಸೈನ್ಯ ಕೋಲತ್ತುನಾಡಿನೊಳಕ್ಕೆ ಮುಂದೊತ್ತಿದ ಕಾಲದ ಕೋಟೆಯಿದು. ಸೋಮಶೇಖರ ನಾಯಕನ ಹೆಸರಿನೊಡನೆ ತಳಕು ಹಾಕಿಕೊಂಡಿದೆ. ದುಂಡಗಿನ ಕೊತ್ತಲಗಳು ಇಂದಿಗೂ ಉಳಿದಿವೆ. ಕೋಟೆ ಕಾಯಲು ಬಂದ ಕನ್ನಡ ಮಾತಿನ ಮನೆತನಗಳು ಬೇಕಲ, ಹೊಸದುರ್ಗಗಳಲ್ಲಿ ನೆಲೆನಿಂತವು. ‘ಕೋಟೆಗಾರರು’ ಎಂಬ ಹೆಸರೇ ಅವರ ಚರಿತ್ರೆ. ಬೇಕಲ ರಾಮನಾಯಕರಂಥ ಲೇಖಕರು ಈ ನೆಲದ ಐತಿಹ್ಯಗಳನ್ನು ಕನ್ನಡದ ಕಥೆಗಳಾಗಿಸಿದರು.

ಇಲ್ಲಿ ಒಂದು ಎಚ್ಚರ ಅಗತ್ಯ. ಕೋಟೆ ಕಟ್ಟಿದವರು ಕನ್ನಡದ ಅರಸರೆಂಬ ಹೆಮ್ಮೆ ಸಹಜ. ಆದರೆ ಕೋಟೆಯೆಂದರೆ ಯುದ್ಧ, ಸುಂಕ, ಬಿಟ್ಟಿ ದುಡಿಮೆ ಕೂಡ. ಕಲ್ಲು ಹೊತ್ತವರು ತುಳುವರೂ ಮಲೆಯಾಳಿಗಳೂ ಆಗಿದ್ದಿರಬಹುದು. ಸೋತು ತೆರಿಗೆ ತೆತ್ತವರಿಗೂ ಒಂದು ಕಥೆಯಿದೆ. ಎರಡು ಮುಖಗಳನ್ನೂ ಹೇಳಿದಾಗಲೇ ಅದು ಚರಿತ್ರೆ. ಒಂದನ್ನೇ ಹೇಳಿದರೆ ಬರಿಯ ಜಯಘೋಷ.

ಒಂದರ ಮೇಲೊಂದು ಕೂರದ ಮೂರು ಗೆರೆಗಳು

ಈಗ ಭೂಪಟದಲ್ಲಿ ಮಕ್ಕಳಿಂದ ಮೂರು ಗೆರೆಗಳನ್ನು ಎಳೆಸಿರಿ. ಮೊದಲನೆಯದು ಜನರ ರೂಢಿಯ ಗೆರೆ, ಚಂದ್ರಗಿರಿ ಹೊಳೆ. ಎರಡನೆಯದು ಆಡಳಿತದ ಗೆರೆ. ಕೆಳದಿಯ ಬಲ ಚಂದ್ರಗಿರಿಯನ್ನು ದಾಟಿತ್ತು. ಬ್ರಿಟಿಷರ ಕಾಲದಲ್ಲಿಯೂ ದಕ್ಷಿಣ ಕನ್ನಡ ಜಿಲ್ಲೆ ನೀಲೇಶ್ವರದ ದಕ್ಷಿಣದವರೆಗೆ ಹಬ್ಬಿತ್ತು. ಮೂರನೆಯದು 1956ರ ನವೆಂಬರ್ 1ರಂದು ಎಳೆದ ರಾಜ್ಯದ ಗೆರೆ. ಅದು ಉತ್ತರಕ್ಕೆ ಸರಿದು ತಲಪಾಡಿಯಲ್ಲಿ ನಿಂತಿತು. ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು 1967ರ ವರದಿಯಲ್ಲಿ ಚಂದ್ರಗಿರಿಯ ಉತ್ತರದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು.

ಈ ಮೂರು ಗೆರೆಗಳು ಎಲ್ಲಿಯೂ ಒಂದರ ಮೇಲೊಂದು ಕೂರುವುದಿಲ್ಲ. ಕನ್ನಡ ಅರಸರ ಬೇಕಲ, ಹೊಸದುರ್ಗಗಳು ಚಂದ್ರಗಿರಿಯ ದಕ್ಷಿಣಕ್ಕಿವೆ. ಕನ್ನಡ ಶಾಲೆಗಳು ಹೆಚ್ಚಾಗಿರುವ ಊರುಗಳು ತಲಪಾಡಿಯ ದಕ್ಷಿಣಕ್ಕಿವೆ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ, ಮರಾಟಿ, ಉರ್ದುಗಳು ಒಂದೇ ಸಂತೆಯಲ್ಲಿ ಕೇಳಿಬರುವ ಈ ನೆಲವನ್ನು ಸಪ್ತಭಾಷಾ ಸಂಗಮಭೂಮಿ ಎನ್ನುವುದು ಅದಕ್ಕಾಗಿಯೇ. ‘ನೀವು ಕರ್ನಾಟಕದಿಂದ ಬಂದವರೇ?’ ಎಂದು ಯಾರಾದರೂ ಕೇಳಿದಾಗ ನಮ್ಮ ಮಕ್ಕಳು ತಲೆ ತಗ್ಗಿಸಬೇಕಾಗಿಲ್ಲ. ನಾವು ಎಲ್ಲಿಂದಲೂ ಬಂದವರಲ್ಲ. ಗೆರೆ ನಮ್ಮನ್ನು ದಾಟಿ ಹೋಯಿತು. ಈ ಉತ್ತರವನ್ನು ಸಿಟ್ಟಿಲ್ಲದೆ, ದಾಖಲೆಯ ಬಲದಿಂದ ಹೇಳಲು ಕಲಿಸುವುದೇ ಸ್ಥಳೀಯ ಚರಿತ್ರೆಯ ಮುಖ್ಯ ಪ್ರಯೋಜನ.

ಊರ ಹೆಸರೂ ಸ್ಮಾರಕವೇ

ಹೊಸದುರ್ಗ ಎಂದರೆ ಹೊಸ ಕೋಟೆ. ಮಲೆಯಾಳದಲ್ಲಿ ಅದನ್ನು ಪುದಿಯಕೋಟ್ಟ ಎಂದರೂ ಅರ್ಥ ಅದೇ. ಎರಡು ಹೆಸರುಗಳೂ ಬಾಳಬಹುದು. ಒಂದು ಇನ್ನೊಂದನ್ನು ಅಳಿಸಿದಾಗ ಮಾತ್ರ, ಕೋಟೆ ಕಟ್ಟಿದವರ ಭಾಷೆ ಯಾವುದೆಂಬ ಸಾಕ್ಷ್ಯ ನಷ್ಟವಾಗುತ್ತದೆ. ಕಾಸರಗೋಡು ಎಂಬ ಹೆಸರನ್ನು ಕೆಲವರು ಕಾಸರಕನ ಮರದಿಂದ, ಕೆಲವರು ಕೆರೆ ಎಂಬ ಅರ್ಥದ ‘ಕಾಸಾರ’ದಿಂದ ಬಿಡಿಸುವರು. ಇಂಥ ಚರ್ಚೆ ಸಾಧ್ಯವಾಗುವುದು ಹೆಸರು ತನ್ನ ರೂಪದಲ್ಲಿ ಉಳಿದಿದ್ದರೆ ಮಾತ್ರ. 2021ರಲ್ಲಿ ಇಲ್ಲಿನ ಕನ್ನಡ ಊರುಹೆಸರುಗಳು ಬದಲಾಗುವುವೆಂಬ ಆತಂಕ ಎದ್ದಿತು. ಅಂಥ ತೀರ್ಮಾನವಿಲ್ಲವೆಂದು ಕೇರಳ ಸರಕಾರ ಸ್ಪಷ್ಟಪಡಿಸಿತು. ಆದರೆ ಹೆಸರು ಸಾಯಲು ಸರಕಾರಿ ಆದೇಶವೇ ಬೇಕಾಗಿಲ್ಲ. ಬಸ್ಸಿನ ಫಲಕದಲ್ಲಿ, ಮದುವೆಯ ಕಾಗದದಲ್ಲಿ, ಮಗುವಿನ ಶಾಲಾ ದಾಖಲೆಯಲ್ಲಿ ನಾವೇ ಬರೆಯುವುದನ್ನು ಬಿಟ್ಟರೆ ಸಾಕು.

ಬರವಣಿಗೆಯ ಪರಂಪರೆಯೂ ಇಲ್ಲಿ ಸಣ್ಣದಲ್ಲ. ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳು (1883-1963) ಕನ್ನಡದ ಮೊದಲ ರಾಷ್ಟ್ರಕವಿ. 1949ರಲ್ಲಿ ಆ ಬಿರುದನ್ನು ಕೊಟ್ಟುದು ಮದರಾಸು ಸರಕಾರ. ಅವರ ಮನೆ ಈಗ ‘ಗಿಳಿವಿಂಡು’ ಎಂಬ ಹೆಸರಿನಿಂದ ಸ್ಮಾರಕವಾಗಿದೆ. ಕಯ್ಯಾರ ಕಿಞ್ಞಣ್ಣ ರೈಗಳು (1915-2015) ಕವಿಯೂ ಅಧ್ಯಾಪಕರೂ ಆಗಿದ್ದು, ಕಾಸರಗೋಡಿನ ಕನ್ನಡಕ್ಕಾಗಿ ಕೊನೆಯವರೆಗೂ ದನಿಯೆತ್ತಿದರು.

ಹೆತ್ತವರು ಮಾಡಬಹುದಾದುದು

ಮೊದಲನೆಯದಾಗಿ, ರಜಾದಿನವೊಂದರಲ್ಲಿ ಮಕ್ಕಳೊಡನೆ ಈ ಊರುಗಳಲ್ಲಿ ಒಂದೆರಡನ್ನಾದರೂ ನೋಡಿರಿ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಪ್ರವೇಶ ಶುಲ್ಕವಿಲ್ಲ. ಹೋಗುವ ಮುನ್ನ ಮೂರು ಪ್ರಶ್ನೆಗಳನ್ನು ಬರೆದುಕೊಳ್ಳಲಿ: ಈ ಜಾಗವನ್ನೇ ಏಕೆ ಆರಿಸಿದರು? ಯಾವುದರಿಂದ ಕಟ್ಟಿದರು? ಇಲ್ಲಿಂದ ಏನು ಹೋಗುತ್ತಿತ್ತು, ಏನು ಬರುತ್ತಿತ್ತು?

ಎರಡನೆಯದಾಗಿ, ಮನೆಯ ಅಜ್ಜ ಅಜ್ಜಿಯರಿಂದ ಕಡವು, ಗದ್ದೆ, ಗುಡ್ಡ, ಬೈಲುಗಳ ಹಳೆಯ ಹೆಸರುಗಳನ್ನು ಕೇಳಿ ಬರೆಸಿಕೊಳ್ಳಿರಿ. ಅವರೊಡನೆ ಹೋಗಿಬಿಡುವ ಮಾಹಿತಿಯಿದು. ಪ್ರತಿಯೊಂದು ಶಾಲೆಯ ಗೋಡೆಪತ್ರಿಕೆಯಲ್ಲಿ ಇಂಥ ಒಂದು ಪಟ್ಟಿ ಬಂದರೆ ಸೀಮೆಯ ಸ್ಥಳನಾಮಕೋಶವೇ ಸಿದ್ಧವಾದೀತು.

ಮೂರನೆಯದಾಗಿ, ಹಕ್ಕಿನ ಮಾತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿತವಾದಲ್ಲಿ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ, ಕನ್ನಡದಲ್ಲಿಯೇ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಅಧಿನಿಯಮವು ಅವಕಾಶ ಕೊಟ್ಟಿದೆ. ಸ್ಮಾರಕಗಳ ಬಳಿ, ದಾರಿಯಲ್ಲಿ, ಕಚೇರಿಗಳಲ್ಲಿ ಕನ್ನಡದ ಫಲಕವೂ ಇರಲೆಂದು ರಕ್ಷಕ-ಶಿಕ್ಷಕ ಸಂಘದ ಮೂಲಕ ಬರಹದಲ್ಲಿ ಕೇಳಿರಿ, ಕನ್ನಡದಲ್ಲಿಯೇ ಕೇಳಿರಿ. ಬಳಸದ ಹಕ್ಕು ಹೂಳು ತುಂಬಿದ ಅಳಿವೆಯಂತೆ. ಕ್ರಮೇಣ ದಾರಿಯೇ ಮುಚ್ಚಿಹೋಗುತ್ತದೆ.

ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ನಾವು ಬೀದಿಗಿಳಿದು ಪ್ರತಿಭಟಿಸಿದ್ದೇವೆ, ಮುಂದೆಯೂ ಪ್ರತಿಭಟಿಸಬೇಕಾದೀತು. ಆದರೆ ಶಾಲೆಯನ್ನು ಉಳಿಸುವುದು ಪ್ರತಿಭಟನೆಯೊಂದೇ ಅಲ್ಲ. ತಾನು ಕಲಿಯುವ ಭಾಷೆಗೂ ತಾನು ನಿಂತ ನೆಲಕ್ಕೂ ಸಂಬಂಧವಿದೆಯೆಂದು ತಿಳಿದ ಮಗು ಆ ಭಾಷೆಯನ್ನು ಹೊರೆಯೆಂದು ಭಾವಿಸುವುದಿಲ್ಲ. ಕುಂಬಳೆಯ ಹಿನ್ನೀರು, ಚಂದ್ರಗಿರಿಯ ಗುಡ್ಡ, ಬೇಕಲದ ಬುರುಜು ಆ ಸಂಬಂಧಕ್ಕೆ ನಮ್ಮಲ್ಲಿರುವ ಅತ್ಯಂತ ಹಳೆಯ ಸಾಕ್ಷಿಗಳು. ಅವು ಬಸ್ಸಿನ ದಾರಿಯಲ್ಲಿಯೇ ಇವೆ. ಬರುವ ರಜೆಯಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ.